ಗಾಜಿನ ಹಾದಿ ಮತ್ತು ಗೂಟಕ್ಕೆ ತೂಗುಹಾಕಿದ ಕಾಲು

ನಮ್ಮ ದೊಡ್ಡಪ್ಪನವರ ಬಲಗಾಲು ಹಜಾರದ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಬರ್ಮಾ ಯುದ್ಧದಲ್ಲಿ ಮಂಡಿಯ ಕೆಳಗೆ ಕಾಲು ಕಳೆದುಕೊಂಡು ಬಂದ ಅವರಿಗೆ ಮರ, ಚರ್ಮ ಮತ್ತು ಉಕ್ಕಿನ ಪಟ್ಟಿಗಳಿಂದ ಮಾಡಿದ ಒಂದು ಕೃತಕ ಕಾಲು ಸಿಕ್ಕಿತ್ತು. ಬೂಟು ಹಾಕಿದರೆ ಮಾತ್ರ ಅದು ನೆಟ್ಟಗೆ ನಿಲ್ಲುತ್ತಿತ್ತು. ಮದುವೆಗೋ ತಾಲ್ಲೂಕು ಕಚೇರಿಗೋ ಹೋಗುವಾಗ ಅದನ್ನು ಕಟ್ಟಿಕೊಳ್ಳುತ್ತಿದ್ದರು. ಹಿಂದಿರುಗಿದ ಕೂಡಲೇ ಬಿಚ್ಚಿ ಗೂಟಕ್ಕೆ ಸೇರಿಸಿ, ಊರುಗೋಲು ಹಿಡಿದು ಗದ್ದೆಯ ಬದುವಿಗೆ ಹೋಗುತ್ತಿದ್ದರು. ಏಕೆಂದು ನಾನು ಕೇಳಿದ್ದಕ್ಕೆ, "ಮಗಾ, ಇದು ಊರಿಗೆ ಹೋಗೋ ಕಾಲು, ಹೊಲಕ್ಕೆ ಇಳಿಯೋ ಕಾಲಲ್ಲ" ಎಂದಿದ್ದರು. ನನಗಾಗ ಹತ್ತು ವರ್ಷವಿದ್ದಿರಬೇಕು.

ಕಾಲೇಜಿನ ಪತ್ರಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆಯಿರೆಂದು ಸಂಪಾದಕರು ಕೇಳಿದಾಗ, ಮೈಸೂರಿನ ತರಗತಿಗಳ ನೆನಪಿಗಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು ಈ ಕಾಲು, ಮತ್ತು ಅದರ ಬೆನ್ನು ಹತ್ತಿ ನಾನು ಸೇರಿದ ಇನ್ನೊಂದು ವಿದ್ಯಾಸಂಸ್ಥೆಯ ಒಂದು ಪ್ರಯೋಗಾಲಯ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಪಾಠ ಹೇಳಿ, 1965ರಲ್ಲಿ ನಾನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಬಯೋಮೆಕ್ಯಾನಿಕ್ಸ್ ಪ್ರಯೋಗಾಲಯ ಮನುಷ್ಯನ ನಡಿಗೆಯನ್ನು ಅಳೆಯುವ ಕೆಲಸಕ್ಕೆ ಆ ಹೊತ್ತಿಗೆ ಇಪ್ಪತ್ತು ವರ್ಷಗಳನ್ನು ಕೊಟ್ಟಿತ್ತು. ಮೈಸೂರಿನಲ್ಲಿ ನಾವು ನಾಲ್ಕು ಕಡ್ಡಿಗಳ ಯಂತ್ರಜೋಡಣೆಯನ್ನು, ಅಂದರೆ ಫೋರ್ ಬಾರ್ ಲಿಂಕೇಜನ್ನು, ಡ್ರಾಯಿಂಗ್ ಹಾಳೆಯ ಮೇಲೆ ಎಷ್ಟೋ ಬಾರಿ ಬಿಡಿಸಿದ್ದೆವು. ಅದೇ ಜೋಡಣೆ ಒಬ್ಬ ಮನುಷ್ಯನ ಮಂಡಿಯಾಗಬಲ್ಲದು ಎಂದು ನಾನು ಮೊದಲು ತಿಳಿದದ್ದು ಅಲ್ಲಿ.

ಆ ಪ್ರಯೋಗಾಲಯ ಹುಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿಯುತ್ತಾ ಬಂದಾಗ ಅಮೆರಿಕಕ್ಕೆ ಕೈಕಾಲು ಕಳೆದುಕೊಂಡ ಸಾವಿರಾರು ಸೈನಿಕರು ಹಿಂದಿರುಗಿದರು. ಅವರಿಗೆ ಸಿಗುತ್ತಿದ್ದ ಕೃತಕ ಅಂಗಗಳು ಹಿಂದಿನ ಯುದ್ಧದ ಕಾಲದವಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲವೆಂಬ ದೂರು ಸರ್ಕಾರದ ತನಕ ಹೋಗಿ, 1945ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮೂಲಕ ಸಂಶೋಧನೆಗೆ ಹಣ ಒದಗಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಬ್ಬರು ಆ ಕೆಲಸ ಹಿಡಿದರು. ಒಬ್ಬರು ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯಕೀಯ ವಿಭಾಗದ ಮೂಳೆ ಶಸ್ತ್ರವೈದ್ಯ ವರ್ನ್ ಇನ್‌ಮನ್. ಇನ್ನೊಬ್ಬರು ಬರ್ಕ್ಲಿಯ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೊವರ್ಡ್ ಎಬರ್‌ಹಾರ್ಟ್. ಸಿವಿಲ್ ಎಂಜಿನಿಯರೊಬ್ಬರು ಈ ಕೆಲಸಕ್ಕೆ ಏಕೆ ಬಂದರು ಎಂದು ಓದುಗರಿಗೆ ಅನ್ನಿಸಬಹುದು. ಯುದ್ಧಕಾಲದಲ್ಲಿ ವಿಮಾನ ನಿಲ್ದಾಣದ ಕಾಂಕ್ರೀಟ್ ಹಾಸು ಎಷ್ಟು ಭಾರ ತಡೆಯುತ್ತದೆ ಎಂದು ಪರೀಕ್ಷಿಸುತ್ತಿದ್ದಾಗ ನಡೆದ ಅಪಘಾತದಲ್ಲಿ ಎಬರ್‌ಹಾರ್ಟ್ ತಮ್ಮ ಒಂದು ಕಾಲನ್ನೇ ಮಂಡಿಯ ಕೆಳಗೆ ಕಳೆದುಕೊಂಡಿದ್ದರು. ತನ್ನ ಮೈಯಲ್ಲೇ ಪ್ರಶ್ನೆಯನ್ನು ಹೊತ್ತು ತಂದ ಮನುಷ್ಯ ಅವರು. ಭಾರ, ಬಲ, ಬಾಗು ಇವುಗಳ ಭಾಷೆ ಅವರಿಗೆ ಮೊದಲೇ ಗೊತ್ತಿತ್ತು. ಅದನ್ನೀಗ ಸೇತುವೆಯ ಬದಲು ತೊಡೆ ಮೂಳೆಗೆ ಅನ್ವಯಿಸಬೇಕಾಗಿತ್ತು.

ಒಳ್ಳೆಯ ಕಾಲನ್ನು ಮಾಡಿಕೊಡಿ ಎಂದು ಕೇಳಿದವರಿಗೆ ಇವರಿಬ್ಬರೂ ಮೊದಲು ಕೊಟ್ಟದ್ದು ಕಾಲನ್ನಲ್ಲ. ಕಾಲಿರುವ ಮನುಷ್ಯ ಹೇಗೆ ನಡೆಯುತ್ತಾನೆಂಬುದೇ ನಮಗೆ ತಿಳಿಯದು, ಅದನ್ನು ಅಳೆದ ಮೇಲೆ ಮಾತ್ರ ಕೃತಕ ಕಾಲಿನ ಮಾತು ಎಂದು ನಿಂತರು. ಈ ನಿಲುವಿಗೆ ಎಷ್ಟು ಧೈರ್ಯ ಬೇಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಆಸ್ಪತ್ರೆಯ ಹಾಸಿಗೆಗಳಲ್ಲಿ ಕಾಯುತ್ತಿರುವವರನ್ನು ಕಣ್ಣೆದುರು ಇಟ್ಟುಕೊಂಡು ಆರೋಗ್ಯವಂತರ ನಡಿಗೆಯ ಮೇಲೆ ವರ್ಷಗಳನ್ನು ಕಳೆಯುವುದು ಸುಲಭದ ತೀರ್ಮಾನವಲ್ಲ. ಎರಡು ವರ್ಷಗಳ ಕೆಲಸವೆಲ್ಲ 1947ರ ದೊಡ್ಡ ವರದಿಯಲ್ಲಿ ಸೇರಿತು. ನಾನು ಹೋದಾಗಲೂ ಹೊಸ ವಿದ್ಯಾರ್ಥಿಗಳ ಕೈಗೆ ಮೊದಲು ಬರುತ್ತಿದ್ದದ್ದು ಆ ವರದಿಯೇ.

ನಡಿಗೆಯನ್ನು ಚಿತ್ರದಲ್ಲಿ ಹಿಡಿಯುವ ಕೆಲಸ ಅವರಿಗಿಂತ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲೇ, ಪಾಲೊ ಆಲ್ಟೊದಲ್ಲಿ, 1878ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಡುವ ಗಳಿಗೆಯನ್ನು ತೋರಿಸಿದ್ದರು. ಪ್ಯಾರಿಸ್‌ನಲ್ಲಿ ಶರೀರವಿಜ್ಞಾನಿ ಮಾರೆ ಒಂದೇ ಗಾಜಿನ ಫಲಕದ ಮೇಲೆ ಹೆಜ್ಜೆಯ ಹಲವು ಕ್ಷಣಗಳನ್ನು ಮೂಡಿಸಿದ್ದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಬ್ರೌನೆ ಮತ್ತು ಫಿಶರ್ 1891ರಲ್ಲಿ ಒಬ್ಬ ಸೈನಿಕನ ಕೈಕಾಲುಗಳಿಗೆ ಬೆಳಕು ಬೀರುವ ಗಾಜಿನ ಕೊಳವೆಗಳನ್ನು ಕಟ್ಟಿ, ಕತ್ತಲೆಯಲ್ಲಿ ನಡೆಸಿ, ಆ ಕೆಲವೇ ಹೆಜ್ಜೆಗಳ ಲೆಕ್ಕಕ್ಕೆ ವರ್ಷಗಟ್ಟಲೆ ಕುಳಿತಿದ್ದರು. ಬರ್ಕ್ಲಿಯಲ್ಲಿ ಹೊಸದಾಗಿ ನಡೆದದ್ದೆಂದರೆ ಚಿತ್ರ, ಬಲ, ಸ್ನಾಯುವಿನ ವಿದ್ಯುತ್ತು ಮತ್ತು ವ್ಯಯವಾಗುವ ಶಕ್ತಿ ಇವೆಲ್ಲವನ್ನೂ ಒಂದೇ ಸೂರಿನಡಿ, ವೈದ್ಯರೂ ಎಂಜಿನಿಯರರೂ ಒಂದೇ ಮೇಜಿನ ಸುತ್ತ ಕುಳಿತು ನೋಡಿದ್ದು.

ಗಾಜಿನ ಹಾದಿಯ ಚಿತ್ರಗಳನ್ನು ನಾನು ಮೊದಲು ಕಂಡದ್ದು ಆ ಹಳೆಯ ವರದಿಗಳಲ್ಲಿ. ಎತ್ತರಿಸಿ ಕಟ್ಟಿದ ದಪ್ಪ ಗಾಜಿನ ಹಲಗೆಯ ಮೇಲೆ ಒಬ್ಬ ತರುಣ ನಡೆಯುತ್ತಿದ್ದಾನೆ. ಮುಂದಿನಿಂದ, ಪಕ್ಕದಿಂದ, ಕೆಳಗಿನ ಕನ್ನಡಿಯ ಮೂಲಕ ಅಂಗಾಲಿನ ಕಡೆಯಿಂದಲೂ ಕ್ಯಾಮೆರಾ ಅವನನ್ನು ನೋಡುತ್ತಿದೆ. ಮನುಷ್ಯನ ಹೆಜ್ಜೆಯನ್ನು ಭೂಮಿಯ ಕಡೆಯಿಂದ ನೋಡುವ ಆ ಉಪಾಯವನ್ನು ಕಂಡು ನಾನು ಬಹಳ ಹೊತ್ತು ಪುಟ ತಿರುವಲಿಲ್ಲ. ಇನ್ನೊಂದು ವಿಧಾನದಲ್ಲಿ ಸೊಂಟ, ಮಂಡಿ, ಹರಡು (ಪಾದದ ಮೇಲಿನ ಕೀಲು), ಪಾದಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ ಕತ್ತಲೆ ಕೋಣೆಯಲ್ಲಿ ನಡೆಸುತ್ತಿದ್ದರು. ತೆರೆದ ಕ್ಯಾಮೆರಾದ ಮುಂದೆ ಸೀಳುಗಳಿರುವ ತಟ್ಟೆಯೊಂದು ತಿರುಗುತ್ತಾ ಬೆಳಕನ್ನು ಕತ್ತರಿಸಿ ಕತ್ತರಿಸಿ ಬಿಡುವುದರಿಂದ, ಒಂದೇ ಚಿತ್ರದಲ್ಲಿ ಚುಕ್ಕೆಗಳ ಸಾಲು ಮೂಡುತ್ತಿತ್ತು. ಆ ಚುಕ್ಕೆಗಳನ್ನು ಗೆರೆಗಳಿಂದ ಸೇರಿಸಿದರೆ ಕಾಲು ಬೀಸಣಿಗೆಯಂತೆ ತೆರೆದುಕೊಳ್ಳುತ್ತಿತ್ತು.

ಆದರೆ ಚರ್ಮದ ಮೇಲೆ ಕಟ್ಟಿದ ದೀಪ ಮೂಳೆಯ ತಿರುಗುವಿಕೆಯನ್ನು ಸರಿಯಾಗಿ ಹೇಳುವುದಿಲ್ಲ. ಚರ್ಮ ಮೂಳೆಯ ಮೇಲೆ ಜಾರುತ್ತದೆ. ಈ ತೊಡಕನ್ನು ಅವರು ನೀಗಿಕೊಂಡ ಬಗೆಯನ್ನು ಓದುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಒಪ್ಪಿ ಮುಂದೆ ಬಂದ ತರುಣರಿಗೆ ಸ್ಥಳೀಯ ಅರಿವಳಿಕೆ ಕೊಟ್ಟು, ಕಟಿಯ ಮೂಳೆ, ತೊಡೆ ಮೂಳೆ ಮತ್ತು ಮಂಡಿಯ ಕೆಳಗಿನ ಮೂಳೆಗೆ ನೇರವಾಗಿ ಉಕ್ಕಿನ ಕಡ್ಡಿಗಳನ್ನು ಕೊರೆದು ಕೂರಿಸಿ, ಆ ಕಡ್ಡಿಗಳ ತುದಿಯ ಗುರುತುಗಳನ್ನು ಚಿತ್ರೀಕರಿಸಿದರು. 1948ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಕೆಳಗಿನ ಮೂಳೆ ತನ್ನ ಉದ್ದದ ಅಕ್ಷದ ಸುತ್ತ ಸರಾಸರಿ ಸುಮಾರು 19 ಡಿಗ್ರಿ ತಿರುಗುತ್ತದೆ ಎಂದು ತಿಳಿಯಿತು. ಪಾದ ನೆಲಕ್ಕೆ ಊರಿ ನಿಂತಿರುವಾಗ ಮೇಲಿನ ಕಾಲು ತಿರುಗಬೇಕಾದರೆ ನಡುವೆ ಎಲ್ಲೋ ಆ ತಿರುಗು ಕರಗಬೇಕು. ಹರಡಿನ ಕೆಳಗಿನ ಓರೆಯಾದ ಕೀಲು ಆ ಕೆಲಸ ಮಾಡುತ್ತದೆ, ಓರೆಯಾಗಿ ಜೋಡಿಸಿದ ಬಾಗಿಲ ಕೀಲಿನಂತೆ ಕಾಲಿನ ತಿರುಗನ್ನು ಪಾದದ ಓಲಾಟವಾಗಿ ಬದಲಿಸುತ್ತದೆ ಎಂದು ಇನ್‌ಮನ್ ಮತ್ತು ಅವರ ಜೊತೆಗಾರರು ವಿವರಿಸಿದರು. ಗಟ್ಟಿಯಾಗಿ ಬೆಸೆದ ಕೃತಕ ಕಾಲಿನಲ್ಲಿ ಅಂಥ ಕೀಲಿಲ್ಲ. ಅಲ್ಲಿ ತಿರುಗಬೇಕಾದದ್ದು ತಿರುಗಲಾರದೆ, ಮೊಂಡುಗಾಲಿನ ಚರ್ಮ ಅದನ್ನು ಕೂರಿಸುವ ಬಟ್ಟಲಿನೊಳಗೆ ಉಜ್ಜಿ ಹುಣ್ಣಾಗುತ್ತದೆ. ದೊಡ್ಡಪ್ಪನವರ ಮೊಂಡುಗಾಲಿನ ತುದಿಯಲ್ಲಿ ಸದಾ ಇರುತ್ತಿದ್ದ ಕಪ್ಪು ಗಾಯದ ಕಾರಣವನ್ನು ನಾನು ಓದಿ ತಿಳಿದದ್ದು ಬರ್ಕ್ಲಿಯ ಗ್ರಂಥಾಲಯದಲ್ಲಿ, ಅವರಿಂದ ಎಷ್ಟೋ ಸಾವಿರ ಮೈಲಿ ದೂರದಲ್ಲಿ ಕುಳಿತು.

ಬಲವನ್ನು ಅಳೆಯಲು ಅವರು ನಡೆಯುವ ಹಾದಿಯಲ್ಲೇ ಒಂದು ಲೋಹದ ಹಲಗೆ ಹೂತು, ಅದನ್ನು ಹೊತ್ತ ಕಂಬಗಳಿಗೆ ಭಾರ ಬಿದ್ದಾಗಿನ ಸೂಕ್ಷ್ಮ ಹಿಗ್ಗು ಕುಗ್ಗನ್ನು ಅಳೆಯುವ ಸ್ಟ್ರೇನ್ ಗೇಜುಗಳನ್ನು ಅಂಟಿಸಿದರು. ಕನಿಂಗ್‌ಹ್ಯಾಮ್ ಮತ್ತು ಬ್ರೌನ್ 1952ರಲ್ಲಿ ವಿವರಿಸಿದ ಈ ಫೋರ್ಸ್ ಪ್ಲೇಟ್ ಇಂದು ಜಗತ್ತಿನ ಪ್ರತಿ ಚಲನ ವಿಶ್ಲೇಷಣಾ ಪ್ರಯೋಗಾಲಯದ ನೆಲದಲ್ಲಿ ಇರುವ ಹಲಗೆಗಳ ಹಿರಿಯಣ್ಣ. ಮನುಷ್ಯ ಅದನ್ನು ಮೆಟ್ಟಿ ದಾಟಿದಾಗ ಬರುವ ರೇಖೆ ಒಂಟೆಯ ಎರಡು ಡುಬ್ಬಗಳಂತೆ ಇರುತ್ತದೆ: ಹಿಮ್ಮಡಿ ಊರಿದ ಮೇಲೆ ಒಮ್ಮೆ, ಬೆರಳುಗಳು ನೆಲವನ್ನು ತಳ್ಳುವಾಗ ಇನ್ನೊಮ್ಮೆ ಬಲವು ದೇಹದ ತೂಕವನ್ನು ಮೀರುತ್ತದೆ, ನಡುವೆ ತೂಕಕ್ಕಿಂತ ಕೆಳಗಿಳಿಯುತ್ತದೆ. ಸ್ನಾಯುಗಳ ವಿದ್ಯುತ್ತನ್ನು ದಾಖಲಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ನಡೆಯುವಾಗ ಕಾಲಿನ ಸ್ನಾಯುಗಳು ಎಡೆಬಿಡದೆ ದುಡಿಯುವುದಿಲ್ಲ. ತಮ್ಮ ಸರದಿ ಬಂದಾಗ ಅಲ್ಪ ಹೊತ್ತು ಮಿಡಿದು, ಬೀಸುವ ಕಾಲನ್ನು ಚುರುಕುಗೊಳಿಸಿಯೋ ತಡೆದೋ, ಮತ್ತೆ ಸುಮ್ಮನಾಗುತ್ತವೆ.

ನನ್ನ ಪಾಲಿನ ದುಡಿಮೆ ಬಹಳ ಸಣ್ಣದು. ಫಿಲ್ಮಿನ ಒಂದೊಂದು ಚೌಕಟ್ಟನ್ನೂ ಪರದೆಯ ಮೇಲೆ ಬೀಳಿಸಿ, ಪ್ರತಿ ಗುರುತಿನ ಅಡ್ಡ ಮತ್ತು ಉದ್ದದ ಅಳತೆಗಳನ್ನು ಓದಿ ಬರೆದು, ಆಮೇಲೆ ಅವನ್ನು ತೂತಿನ ಕಾರ್ಡುಗಳಿಗೆ ಇಳಿಸುವುದು. ಒಬ್ಬ ಮನುಷ್ಯ ಒಂದು ಸೆಕೆಂಡಿಗೆ ತುಸು ಹೆಚ್ಚು ಕಾಲದಲ್ಲಿ ಇಟ್ಟು ಮುಗಿಸುವ ಎರಡು ಹೆಜ್ಜೆಗಳಿಗೆ ನನಗೆ ಇಡೀ ದಿನ ಸಾಲುತ್ತಿರಲಿಲ್ಲ. ಕ್ಯಾಂಪಸ್ಸಿನಲ್ಲಿ ಆಗ ವಿದ್ಯಾರ್ಥಿ ಚಳವಳಿಯ ಕಾವು ಇನ್ನೂ ಆರಿರಲಿಲ್ಲ, ಹೊರಗೆ ಧ್ವನಿವರ್ಧಕದ ಸದ್ದು ಕೇಳಿಸುತ್ತಿತ್ತು. ಕತ್ತಲೆ ಕೋಣೆಯಲ್ಲಿ ನಾನು ಯಾರದೋ ಮಂಡಿಯ ಮೇಲಿನ ಚುಕ್ಕೆಯನ್ನು ಹಿಂಬಾಲಿಸುತ್ತಿದ್ದೆ. ಗುರುತಿನ ಮೇಲೆ ಅಡ್ಡಗೆರೆ ಇಡುವಾಗ ಕೂದಲೆಳೆಯಷ್ಟು ತಪ್ಪಿದರೂ ಸ್ಥಾನದಲ್ಲಿ ಅದು ಕಾಣಿಸದು, ಆದರೆ ಸ್ಥಾನದಿಂದ ವೇಗಕ್ಕೆ, ವೇಗದಿಂದ ವೇಗೋತ್ಕರ್ಷಕ್ಕೆ ಹೋಗುವಾಗ ಆ ತಪ್ಪು ಬೆಟ್ಟವಾಗಿ ನಿಲ್ಲುತ್ತದೆ. ನನ್ನ ಮಾರ್ಗದರ್ಶಕರು ಇದನ್ನು ಬಾಯಲ್ಲಿ ಹೇಳಲಿಲ್ಲ. ನಾನು ಓದಿದ ಚೌಕಟ್ಟುಗಳನ್ನೇ ಒಂದು ವಾರದ ನಂತರ ಮತ್ತೆ ನನ್ನಿಂದಲೇ ಓದಿಸಿ, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನನ್ನ ಮುಂದೆ ಸರಿಸಿದರು. ಅಳತೆಯ ಬಗ್ಗೆ ನಾನು ಕಲಿತ ಅತ್ಯುತ್ತಮ ಪಾಠ ಅದು, ಮುಂದೆ ನನ್ನ ವಿದ್ಯಾರ್ಥಿಗಳಿಗೂ ಹಾಗೆಯೇ ಕಲಿಸಿದೆ.

ಪ್ರಯೋಗಾಲಯದಿಂದ ಬಂದ ಬರಹಗಳಲ್ಲಿ ಹೆಚ್ಚು ಹೆಸರಾದದ್ದು ಸಾಂಡರ್ಸ್, ಇನ್‌ಮನ್ ಮತ್ತು ಎಬರ್‌ಹಾರ್ಟ್ 1953ರಲ್ಲಿ ಬರೆದ ನಡಿಗೆಯ ಆರು ನಿರ್ಣಾಯಕ ಅಂಶಗಳ ಪ್ರಬಂಧ. ಕಂಪಾಸಿನ ಎರಡು ಕಡ್ಡಿಗಳಂತೆ ಮಂಡಿ ಬಗ್ಗಿಸದೆ ನಡೆದರೆ ದೇಹದ ಗುರುತ್ವ ಕೇಂದ್ರ ಪ್ರತಿ ಹೆಜ್ಜೆಗೂ ಎತ್ತರದ ಕಮಾನಿನ ಮೇಲೆ ಹತ್ತಿ ಇಳಿಯಬೇಕಾಗುತ್ತದೆ. ಕಟಿಯ ತಿರುಗು, ಕಟಿಯ ಓಲು, ಊರಿದ ಕಾಲಿನ ಮಂಡಿಯ ಬಾಗು, ಹರಡು ಮತ್ತು ಪಾದದ ಚಲನೆ, ಅದಕ್ಕೆ ಹೊಂದಿದ ಮಂಡಿಯ ಚಲನೆ, ಕಟಿಯ ಪಕ್ಕಕ್ಕೆ ಸರಿಯುವಿಕೆ, ಇವೆಲ್ಲ ಸೇರಿ ಆ ಕಮಾನನ್ನು ತಗ್ಗಿಸಿ, ಸುಮಾರು ಐದು ಸೆಂಟಿಮೀಟರಿನ ನಯವಾದ ಅಲೆಯನ್ನಾಗಿ ಮಾಡುತ್ತವೆ, ಅದರಿಂದಲೇ ಶಕ್ತಿ ಉಳಿಯುತ್ತದೆ ಎಂಬುದು ಅವರ ವಾದ. ಆರನ್ನೂ ಒಂದೇ ಉಸಿರಿನಲ್ಲಿ ಹೇಳಲು ನಮಗೆಲ್ಲ ಬರುತ್ತಿತ್ತು. ಅದೇ ತಂಡದ ಹೆನ್ರಿ ರಾಲ್‌ಸ್ಟನ್ ನಡೆಯುವವರ ಉಸಿರನ್ನು ಅಳೆದು, ನಿಮಿಷಕ್ಕೆ ಸುಮಾರು 75 ಮೀಟರ್ ವೇಗದಲ್ಲಿ ನಡೆದಾಗ ಒಂದೊಂದು ಮೀಟರಿಗೆ ತಗಲುವ ಶಕ್ತಿ ಅತಿ ಕಡಿಮೆ, ಮತ್ತು ಯಾರೂ ಹೇಳಿಕೊಡದೆಯೇ ಜನ ಆ ವೇಗವನ್ನೇ ಆರಿಸಿಕೊಳ್ಳುತ್ತಾರೆ ಎಂದು 1958ರಲ್ಲಿ ತೋರಿಸಿದರು. ಸಂತೆಗೆ ಹೋಗುವ ನಮ್ಮೂರಿನವರ ನಡಿಗೆ ನನಗೆ ಆಗ ನೆನಪಾಯಿತು.

ಅಳತೆಗಳು ಕೂಡಿಬಂದ ಮೇಲೆ ಕಾಲುಗಳೂ ಬಂದವು. 1950ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪುಗೊಂಡ ಸ್ಯಾಚ್ (ಸಾಲಿಡ್ ಆಂಕಲ್ ಕುಶನ್ ಹೀಲ್) ಎಂಬ ಕೃತಕ ಪಾದದಲ್ಲಿ ಹರಡಿನ ಕೀಲೇ ಇಲ್ಲ. ಒಳಗೆ ಮರದ ಗಟ್ಟಿ ತಿರುಳು, ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರಿನ ಬೆಣೆ. ಹಿಮ್ಮಡಿ ಊರಿದಾಗ ಬೆಣೆ ಅದುಮಿಕೊಂಡು, ಪಾದ ತಾನೇ ಕೆಳಗೆ ಬಾಗಿದಂತೆ ಆಗುತ್ತದೆ. ಸವೆಯುವ, ಕಿರುಗುಟ್ಟುವ, ಮುರಿಯುವ ಕೀಲನ್ನೇ ತೆಗೆದುಹಾಕಿ ಕೀಲಿನ ಕೆಲಸವನ್ನು ಉಳಿಸಿಕೊಂಡ ಜಾಣ್ಮೆ ಅದು. ಚಾರ್ಲ್ಸ್ ರ‍್ಯಾಡ್‌ಕ್ಲಿಫ್ ಮತ್ತು ಜೊತೆಗಾರರು ರೂಪಿಸಿದ ಬಟ್ಟಲಿನಲ್ಲಿ ದೇಹದ ಭಾರ ಮಂಡಿ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಮುಖ್ಯವಾಗಿ ಕೂರುವುದರಿಂದ, ತೊಡೆಗೆ ಬಿಗಿಯುತ್ತಿದ್ದ ಚರ್ಮದ ಪಟ್ಟಿಗಳು ಹಲವರಿಗೆ ಬೇಡವಾದವು. ಮಂಡಿಯ ಮೇಲೆ ಕಾಲು ಕಳೆದುಕೊಂಡವರಿಗೆ ರ‍್ಯಾಡ್‌ಕ್ಲಿಫ್ ನಾಲ್ಕು ಕಡ್ಡಿಗಳ ಮಂಡಿಯನ್ನು ಕಟ್ಟಿದರು. ಅದರ ತಿರುಗುಕೇಂದ್ರ ಒಂದೇ ಕಡೆ ನಿಲ್ಲದೆ, ಕಾಲು ನೆಟ್ಟಗಿರುವಾಗ ಮೇಲೆ ಮತ್ತು ಹಿಂದೆ ಇದ್ದು ಮಂಡಿ ಕುಸಿಯದಂತೆ ಕಾಯುತ್ತದೆ, ಬಾಗತೊಡಗಿದಂತೆ ಕೆಳಗೆ ಮುಂದಕ್ಕೆ ಸರಿಯುತ್ತದೆ. ಮೈಸೂರಿನ ಡ್ರಾಯಿಂಗ್ ಹಾಲಿನಲ್ಲಿ ನಾನು ಗೆರೆಯಾಗಿ ಎಳೆದಿದ್ದ ಕ್ಷಣಿಕ ಕೇಂದ್ರ, ಅಂದರೆ ಈ ಸರಿಯುವ ತಿರುಗುಕೇಂದ್ರ, ಅಲ್ಲಿ ಒಬ್ಬ ಮನುಷ್ಯ ಬೀಳದಂತೆ ಹಿಡಿದಿತ್ತು.

ಈ ಎಲ್ಲ ಮೆಚ್ಚುಗೆಯ ನಡುವೆ ನನಗೊಂದು ಸಂಗತಿ ಕಾಡತೊಡಗಿದ್ದು 1967ರ ಚಳಿಗಾಲದಲ್ಲಿ. ನಾನು ಓದುತ್ತಿದ್ದ ಫಿಲ್ಮುಗಳಲ್ಲಿ ಹರಡು ಮೇಲ್ಮುಖವಾಗಿ ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಬಾಗಿ ಹಿಂದಿರುಗುತ್ತಿತ್ತು. ಸಮತಟ್ಟಾದ ಹಾದಿಯ ಮೇಲೆ ನಡೆಯುವವನಿಗೆ ಅಷ್ಟೇ ಸಾಕು. ಆದರೆ ಕುಕ್ಕುರುಗಾಲಿನಲ್ಲಿ ಕೂರುವವನಿಗೆ? ಒಲೆಯ ಮುಂದೆ, ಬಚ್ಚಲಿನಲ್ಲಿ, ಪೈರು ನಾಟಿಯ ಸಾಲಿನಲ್ಲಿ, ಹಸುವಿನ ಕೆಚ್ಚಲ ಪಕ್ಕದಲ್ಲಿ ದಿನದ ಎಷ್ಟೋ ಹೊತ್ತು ಕುಕ್ಕರಿಸಿ ಕಳೆಯುವ ಜನರ ಕಾಲು ಆ ಫಿಲ್ಮುಗಳಲ್ಲಿ ಇರಲಿಲ್ಲ. ಪ್ರಯೋಗಾಲಯ ತನ್ನೆದುರಿನ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿತ್ತು. ಬೂಟು ತೊಟ್ಟು, ಕುರ್ಚಿಯ ಮೇಲೆ ಕೂತು, ಕಾಂಕ್ರೀಟಿನ ಮೇಲೆ ನಡೆಯುವ ಸೈನಿಕನ ಪ್ರಶ್ನೆ ಅದು. ನನ್ನ ದೊಡ್ಡಪ್ಪನೂ ಸೈನಿಕನೇ, ಆದರೆ ಅವರ ಪ್ರಶ್ನೆ ಬೇರೆ.

1968ರಲ್ಲಿ ಊರಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಒಂದು ಸ್ಯಾಚ್ ಪಾದದ ಮಾದರಿ ಇತ್ತು. ದೊಡ್ಡಪ್ಪ ಅದರ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಅದುಮಿ ನೋಡಿ, "ಇದು ಮೆತ್ತಗೆ ಚೆನ್ನಾಗದೆ" ಎಂದರು. ಆಮೇಲೆ ಅದರ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. ಏನೂ ಹೇಳದೆ ಹಿಂದಕ್ಕೆ ಕೊಟ್ಟರು. ಮರುದಿನ ನಾನು ಒಂದು ದೊಡ್ಡ ಕೋನಮಾಪಕ ಹಿಡಿದು ಮನೆಯವರನ್ನೆಲ್ಲ ಕುಕ್ಕರಿಸಿ ಕೂರಿಸಿದೆ: ಅಮ್ಮ, ದೊಡ್ಡಮ್ಮ, ಗದ್ದೆಯಲ್ಲಿ ದುಡಿಯುತ್ತಿದ್ದ ಇಬ್ಬರು, ದೊಡ್ಡಪ್ಪನ ಉಳಿದ ಎಡಗಾಲು. ಹಿಮ್ಮಡಿ ನೆಲಕ್ಕೆ ಊರಿದಂತೆಯೇ ಪ್ರತಿಯೊಬ್ಬರ ಹರಡೂ ಮೂವತ್ತು ಡಿಗ್ರಿ ದಾಟಿ ಬಾಗಿತು. ಐದು ಜನರ ಅಳತೆ ಸಂಶೋಧನೆಯಲ್ಲ, ಅದನ್ನು ನಾನು ಎಲ್ಲಿಯೂ ಪ್ರಕಟಿಸಲಿಲ್ಲ. ನೋಟ್‌ಬುಕ್ಕಿನ ಆ ಪುಟದಲ್ಲಿ ದೊಡ್ಡಪ್ಪನ ಬಲಗಾಲಿನ ಅಂಕಣವನ್ನು ಖಾಲಿ ಬಿಟ್ಟಿದ್ದೆ.

ಅದೇ ಕಾಲಕ್ಕೆ ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಇದೇ ತೊಡಕನ್ನು ಎದುರಿಸುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಸ್ಯಾಚ್ ಪಾದ ಕುಕ್ಕರಿಸಲು ಬಿಡದು, ಬೂಟಿಲ್ಲದೆ ಬಾಳದು, ಉಬ್ಬುತಗ್ಗಿನ ನೆಲದಲ್ಲಿ ಓಲದು ಎಂಬುದನ್ನು ಅವರು ತಮ್ಮ ರೋಗಿಗಳಿಂದಲೇ ಕಲಿತರು. ಉದ್ದದ ಗಟ್ಟಿ ತಿರುಳಿನ ಬದಲು ಸ್ಪಂಜು ರಬ್ಬರು ಮತ್ತು ಮರದ ತುಂಡುಗಳನ್ನು ಟೈರಿಗೆ ಬಳಸುವಂಥ ರಬ್ಬರಿನೊಳಗಿಟ್ಟು ಬೇಯಿಸಿ, ಬೆರಳುಗಳ ಆಕಾರವೂ ಇರುವ ಪಾದವನ್ನು ಎರಕ ಹೊಯ್ದರು. ಆ ಪಾದ ಮೇಲಕ್ಕೆ ಬಾಗುತ್ತದೆ, ಪಕ್ಕಕ್ಕೂ ಓಲುತ್ತದೆ; ಮೂಳೆಗೆ ಕಡ್ಡಿ ಕೊರೆದು ಬರ್ಕ್ಲಿಯವರು ಕಂಡುಕೊಂಡಿದ್ದ ಆ ತಿರುಗಿಗೂ ಅದರಲ್ಲಿ ಅವಕಾಶವಿದೆ. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಯಲ್ಲಿ ಓದಿ ನಾನು ಗೋಡೆಯ ಗೂಟವನ್ನು ನೋಡಿದೆ. ದೊಡ್ಡಪ್ಪ ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

ಬರ್ಕ್ಲಿಯ ಆರು ಅಂಶಗಳೂ ಹಾಗೆಯೇ ಉಳಿಯಲಿಲ್ಲ. ಕಟಿಯ ಓಲು ಗುರುತ್ವ ಕೇಂದ್ರದ ಏರಿಳಿತವನ್ನು ತಗ್ಗಿಸುವುದಿಲ್ಲವೆಂದು 1997ರಲ್ಲಿ ಗಾರ್ಡ್ ಮತ್ತು ಚೈಲ್ಡ್ರೆಸ್ ಅಳೆದು ತೋರಿಸಿದರು. ಬೇಕೆಂದೇ ಏರಿಳಿತವಿಲ್ಲದೆ ನಡೆದರೆ ಶಕ್ತಿ ಉಳಿಯುವ ಬದಲು ಹೆಚ್ಚು ಖರ್ಚಾಗುತ್ತದೆ ಎಂದು 2005ರ ಇನ್ನೊಂದು ಅಧ್ಯಯನ ಕಂಡಿತು. ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಆರು ಅಂಶಗಳು ಒಂದೊಂದಾಗಿ ಸಡಿಲವಾಗುವುದನ್ನು ಓದಿ ನನಗೆ ಬೇಸರವಾಗಲಿಲ್ಲ. ಅವನ್ನು ಸಡಿಲಿಸಿದವರು ಬಳಸಿದ್ದು ಆ ಪ್ರಯೋಗಾಲಯ ಕಲಿಸಿಕೊಟ್ಟ ದಾರಿಯನ್ನೇ. ಅಲ್ಲಿ ಕಲಿತವರು ಬೇರೆ ಕಡೆ ಕೆಲಸ ಹರಡಿದ್ದೂ ಉಂಟು: ಸ್ಯಾನ್ ಫ್ರಾನ್ಸಿಸ್ಕೊದ ಅದೇ ವೈದ್ಯಕೀಯ ವಿಭಾಗದಲ್ಲಿ ತರಬೇತಿ ಪಡೆದ ಜಾಕ್ವೆಲಿನ್ ಪೆರ್ರಿ ಲಾಸ್ ಏಂಜಲಿಸ್ ಬಳಿಯ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಪೋಲಿಯೊ ಮತ್ತು ಪಾರ್ಶ್ವವಾಯು ರೋಗಿಗಳ ನಡಿಗೆಯನ್ನು ಓದುವ ಕ್ರಮವನ್ನು ಕಟ್ಟಿದರು. ಇನ್‌ಮನ್ 1980ರಲ್ಲಿ ತೀರಿಕೊಂಡರು.

ನಿವೃತ್ತಿಯ ನಂತರ ನಾನೊಮ್ಮೆ ಜೈಪುರಕ್ಕೆ ಹೋದಾಗ ಆ ಹಳೆಯ ನೋಟ್‌ಬುಕ್ಕನ್ನೂ ಕೋನಮಾಪಕವನ್ನೂ ಜೊತೆಗೆ ಒಯ್ದಿದ್ದೆ. ಹೊಸ ಕಾಲು ಕಟ್ಟಿಸಿಕೊಂಡು ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದ ಒಬ್ಬ ರೈತ, ನಾನು ಕೈಸನ್ನೆಯಿಂದ ಕೇಳಿಕೊಂಡಾಗ, ನಲ್ಲಿಯ ಪಕ್ಕದಲ್ಲಿ ಕುಕ್ಕರಿಸಿ ಕುಳಿತ. ನಾನು ಬಗ್ಗಿ ಕೋನಮಾಪಕ ಹಿಡಿದು, ಓದಿ, ದೊಡ್ಡಪ್ಪನ ಬಲಗಾಲಿನ ಅಂಕಣದಲ್ಲಿ ಬರೆದುಕೊಂಡೆ. ಏಕೆ ಅಳೆಯುತ್ತಿದ್ದೀರೆಂದು ಅವನು ಕೇಳಿದ್ದಕ್ಕೆ ನನ್ನ ಹರಕು ಹಿಂದಿಯಲ್ಲಿ ಏನೋ ಹೇಳಿದೆ. ಅವನು ಮುಖ ತೊಳೆದುಕೊಂಡು ಎದ್ದು, ಬರಿಗಾಲಿನಲ್ಲಿ ಕಲ್ಲುಹಾಸಿನ ಮೇಲೆ ನಡೆದುಹೋದ. ಒದ್ದೆ ಹೆಜ್ಜೆಗಳು ಬಿಸಿಲಿಗೆ ಆರುವ ಮುನ್ನ ನಾನು ಹತ್ತಿರ ಹೋಗಿ ನೋಡಿದೆ. ಎಡದ ಗುರುತಿನಲ್ಲೂ ಐದು ಬೆರಳಿದ್ದವು, ಬಲದ ಗುರುತಿನಲ್ಲೂ ಐದು.